ರಾಷ್ಟ್ರಕೂಟರ ಪತನಕ್ಕೆ ಒಂದು ಡಬ್ಬಿ ಉಂಡಿ

ನಾನು ಚಿಕ್ಕವನಿದ್ದಾಗ, ಸಾಮ್ರಾಜ್ಯಗಳು ಯಾಕೆ ಬೀಳುತ್ತವೆ ಎಂದು ಕಲಿಯಲು ನನಗೆ ಒಂದು ಡಬ್ಬಿ ಶೇಂಗಾ ಉಂಡಿ ಖರ್ಚಾಯಿತು. ಮೊನ್ನೆ ಮೊಮ್ಮಗಳು ಪರೀಕ್ಷೆಗಾಗಿ ರಾಷ್ಟ್ರಕೂಟರ ಪತನದ ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಪುಸ್ತಕದಲ್ಲಿ ಪುಕ್ಕಟೆ ಸಿಕ್ಕಿದ್ದಲ್ಲವೇ, ಎರಡನೆಯ ಕಾರಣಕ್ಕೇ ಮರೆತು ನಿಂತಳು. ನಾನು ಬೆಲೆ ತೆತ್ತು ಕೊಂಡವನು. ಇವತ್ತಿಗೂ ಮರೆತಿಲ್ಲ.

ಆಗ ನಾವು ನಾಗನೂರಿನಲ್ಲಿದ್ದೆವು. ಅಂದು ಪಂಚಮಿ ಹಬ್ಬ. ಬೆಳಗಿನ ಜಿಟಿಜಿಟಿ ಮಳೆ ನಿಂತಿತ್ತು. ಮನೆಮನೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಅಪ್ಪ ಬಾವಿಯ ಹಗ್ಗ ಬಿಚ್ಚಿ ತಂದು ಹಿತ್ತಲಿನ ಹುಣಸೆಮರಕ್ಕೆ ಜೋಕಾಲಿ ಕಟ್ಟಿದ್ದರು. ಹೊತ್ತು ಮುಳುಗಿದ ಕೂಡಲೇ ಹಗ್ಗ ಮತ್ತೆ ಬಾವಿಗೆ ಹೋಗಬೇಕು.

ಮದುವೆಯಾಗಿ ಹುಕ್ಕೇರಿಗೆ ಹೋಗಿದ್ದ ಅಕ್ಕ ಹಬ್ಬಕ್ಕೆ ಬಂದಿದ್ದಳು. ಮರುದಿನ ಬೆಳಿಗ್ಗೆಯೇ ಅವಳ ಬಸ್ಸು. “ಅಡಗಿ ಮುಗಿಸಿ ಸಂಜೀಕ ಬರ್ತೇನಿ. ಜೋಕಾಲಿ ನನಗ ಹಿಡದಿಡೋ. ಆ ಮ್ಯಾಲಿನ ಟೊಂಗಿ ಮುಟ್ಟೇ ಹೋಗಾಕಿ ನಾ” ಎಂದಿದ್ದಳು. ನಾನು ಎದೆ ತಟ್ಟಿ ಮಾತು ಕೊಟ್ಟಿದ್ದೆ.

ಶಾಲೆಯಲ್ಲಿ ಆಗಷ್ಟೇ ರಾಷ್ಟ್ರಕೂಟರ ಪಾಠ ಮುಗಿದಿತ್ತು. ಅಪ್ಪನ ಕೆಂಪು ರುಮಾಲನ್ನು ತಲೆಗೆ ಸುತ್ತಿಕೊಂಡು ನಾನೇ ಚಕ್ರವರ್ತಿಯಾದೆ. ಓಣಿಯ ಹುಡುಗರೆಲ್ಲ ನನ್ನ ಸಾಮಂತರು. ಜೋಕಾಲಿ ಆಡಬೇಕೆಂದರೆ ಒಬ್ಬೊಬ್ಬರೂ ಒಂದೊಂದು ಉಂಡಿ ಕಪ್ಪ ಕೊಡಬೇಕು. ನಾನು ಕೂತಾಗ ನನಗೆ ಸಾಕೆನಿಸುವವರೆಗೆ ಅವರು ತೂಗಬೇಕು. ಅವರು ಕೂತಾಗ ಮಾತ್ರ ನಾನು ಗಡಬಡಿಸಿ ಹತ್ತು ಎಣಿಸಿ ಇಳಿಸಿಬಿಡುತ್ತಿದ್ದೆ. ಡಬ್ಬಿ ತುಂಬಿತು. ಇಷ್ಟು ಸೋವಿ ವ್ಯಾಪಾರ ನಾನು ಮುಂದೆಂದೂ ಮಾಡಲಿಲ್ಲ.

ಡಬ್ಬಿ ತುಂಬಿದ ಮೇಲೆ ರಾಜ್ಯ ಸಣ್ಣದೆನಿಸಿತು. ಕೆರೆ ಓಣಿಯ ಜೋಕಾಲಿಯನ್ನೂ ಗೆದ್ದುಕೊಳ್ಳಲು ದಂಡು ಕಟ್ಟಿಕೊಂಡು ಹೊರಟೆ. ನಮ್ಮ ಜೋಕಾಲಿ ಕಾಯಲು ಎಲ್ಲರಿಗಿಂತ ಗಟ್ಟಿಗನಾದ ಕಾಕಾನ ಮಗನನ್ನು ನಿಲ್ಲಿಸಿದೆ. ಡಬ್ಬಿಯನ್ನು ಮಾತ್ರ ಯಾರ ಕೈಗೂ ಕೊಡದೆ ಕಂಕುಳಲ್ಲಿ ಒತ್ತಿಕೊಂಡೆ.

ಕೆರೆ ಓಣಿಯ ಹುಡುಗಿಯರು ಕೆಸರಿನ ಉಂಡೆಗಳಿಂದ ನನ್ನನ್ನು ಸ್ವಾಗತಿಸಿದರು. ತಿರುಗಿ ನೋಡಿದರೆ ಹಿಂದೆ ಒಬ್ಬ ಸೈನಿಕನೂ ಇರಲಿಲ್ಲ. ದಾರಿಯಲ್ಲೇ ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು. ಕೆಸರು ಮೆತ್ತಿದ ರುಮಾಲಿನಲ್ಲಿ ಮನೆಗೆ ಬಂದರೆ ನನ್ನ ದಂಡೆಲ್ಲ ಹುಣಸೆಮರದ ಕೆಳಗೆ ಸಾಲಾಗಿ ನಿಂತಿತ್ತು. ಜೋಕಾಲಿಯ ಮೇಲೆ ಕಾಕಾನ ಮಗ.

“ಇಳಿಯೋ ಕೆಳಗ!” ಎಂದು ಕೂಗಿದೆ.

“ಯಾಕ ಇಳೀಲಿ? ಈಗ ನಾನ ರಾಜಾ. ಕಪ್ಪಾ ಗಿಪ್ಪಾ ಏನಿಲ್ಲ, ಎಲ್ಲಾರಿಗೂ ಪಾಳಿ ಐತಿ. ನಿನಗೂ ಐತಿ, ಹಿಂದ ಹೋಗಿ ನಿಂದರು” ಎಂದ ಅವನು.

ಸಾಲಿನಲ್ಲಿದ್ದ ಒಬ್ಬ, “ಚಕ್ರವರ್ತಿಗಳ, ಮೊದಲ ಮಾರಿ ತೊಳಕೊಂಡ ಬರ್ರಿ!” ಎಂದ. ಎಲ್ಲರೂ ಹೋ ಎಂದು ನಕ್ಕರು.

ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದಳು. ಹೊತ್ತು ಇಳಿದಿತ್ತು. ಸಾಲು ಮುಗಿಯುವಷ್ಟರಲ್ಲಿ ಅಪ್ಪ ಹಗ್ಗ ಬಿಚ್ಚುವುದು ಖಚಿತವಿತ್ತು. ನನಗೆ ಅಳು ಬಂತು. “ಎಲ್ಲಾರೂ ಮೋಸ ಮಾಡ್ಯಾರ ಅಕ್ಕಾ” ಎಂದೆ.

ಅವಳು ಡಬ್ಬಿ ನೋಡಿದಳು. “ಹಗ್ಗಾ ಯಾರ್ದು?”

“ಅಪ್ಪಂದು.”

“ಉಂಡಿ?”

“ಅವರ ಅವ್ವಂದಿರು ಮಾಡಿದ್ದು.”

“ತೂಗಿದವರು?”

“ಅವರ.”

“ಹಂಗಾರ ನಿನ್ನ ಸಾಮ್ರಾಜ್ಯದಾಗ ನಿಂದೇನಿತ್ತೋ? ರುಮಾಲಾ? ಅದೂ ಅಪ್ಪಂದ!”

ಅಳುತ್ತಿದ್ದವನಿಗೂ ನಗು ಬಂತು. ಗುರುಗಳು ಹೇಳಿದ ಪಾಠ ಆಗ ತಲೆಗೆ ಹೊಕ್ಕಿತು. ರಾಷ್ಟ್ರಕೂಟರು ದೂರದೂರದ ನಾಡುಗಳ ಮೇಲೆ ದಂಡೆತ್ತಿ ಹೋದವರು. ನಮ್ಮ ವಿಜಯಪುರದ ಕಡೆಯ ಸೀಮೆಯನ್ನು ಗಟ್ಟಿಗ ಸಾಮಂತನೊಬ್ಬನಿಗೆ ವಹಿಸಿದ್ದರು. ಮುಂದೆ ಪಟ್ಟಕ್ಕೆ ಬಂದ ರಾಜರಲ್ಲಿ ಮೊದಲಿನ ಬಲವಿರಲಿಲ್ಲ. ಮಾಳವದ ಸೈನ್ಯ ರಾಜಧಾನಿ ಮಾನ್ಯಖೇಟಕ್ಕೇ ನುಗ್ಗಿ ಸೂರೆ ಮಾಡಿತು. ಒಂದೆರಡು ವರ್ಷಗಳಲ್ಲೇ ಆ ಸಾಮಂತನೇ ರಾಜನಾಗಿ ಕೂತ. ಅವರ ಕಾಲದಲ್ಲಿ ಜೋಕಾಲಿ ದೊಡ್ಡದು, ಅಷ್ಟೇ.

ಚೌಕಾಶಿ ಮಾಡಲು ನನ್ನ ಹತ್ತಿರ ಉಳಿದದ್ದು ಡಬ್ಬಿಯೊಂದೇ. ಮುಚ್ಚಳ ತೆರೆದೆ. “ಇದು ಎಲ್ಲಾರ್ದು. ಅಕ್ಕನ ಪಾಳಿ ಮೊದಲ ಬಿಡ್ರಿ.”

ಕಾಕಾನ ಮಗ ಡಬ್ಬಿಗೆ ಇಣುಕಿದ. “ತೂಗಾಂವ ನೀನ, ಮತ್ತ!” ಎಂದ. ಅವನೂ ವ್ಯಾಪಾರ ಬಲ್ಲವನೇ. ಒಪ್ಪಿಕೊಂಡೆ.

ಅಕ್ಕ ಸೀರೆ ಬಿಗಿದು ಹಲಗೆಯ ಮೇಲೆ ನಿಂತಳು. ತೋಳು ಸೋಲುವವರೆಗೆ ತೂಗಿದೆ. ಬಾಯಿತುಂಬ ಉಂಡಿ ತುಂಬಿಕೊಂಡಿದ್ದ ಸಾಮಂತರೂ ಒಬ್ಬೊಬ್ಬರಾಗಿ ಬಂದು ಕೈಹಚ್ಚಿದರು. ಅವಳ ಕಾಲು ಟೊಂಗೆಗೆ ತಾಗಿತು. ಎಲೆಗಳಲ್ಲಿ ನಿಂತಿದ್ದ ಮಳೆಹನಿಯೆಲ್ಲ ನಮ್ಮ ತಲೆಯ ಮೇಲೆ ಸುರಿಯಿತು. ನನಗೊಂದು ಉಂಡಿಯೂ ಉಳಿಯಲಿಲ್ಲ.

ಈಗ ನಮ್ಮದು ಗೋಕಾಕ. ಮೊಮ್ಮಕ್ಕಳು ಮೊಬೈಲಿನಲ್ಲೇ ಸಾಮ್ರಾಜ್ಯ ಕಟ್ಟುತ್ತಾರೆ. ಸೋತರೆ ಮುಖಕ್ಕೆ ಕೆಸರು ಹತ್ತುವುದಿಲ್ಲ. ಬೆರಳು ಒತ್ತಿದರೆ ಹೊಸ ರಾಜ್ಯ, ಹೊಸ ಸೈನ್ಯ. ಆ ಸೈನಿಕರಿಗೆ ಹಸಿವೂ ಇಲ್ಲ, ಸಿಟ್ಟೂ ಇಲ್ಲ. ಆದರೆ ನಾಳೆ ನೀವು ಕ್ರಿಕೆಟ್ ತಂಡವನ್ನೋ ಅಂಗಡಿಯನ್ನೋ ನಡೆಸುವಾಗ ಸಿಗುವವರು ನಮ್ಮ ಓಣಿಯ ಹುಡುಗರಂಥವರೇ. ಅದಕ್ಕೇ ಹೇಳುತ್ತೇನೆ, ಕೇಳಿ ಮಕ್ಕಳೇ: ಇನ್ನೊಬ್ಬರ ಜೋಕಾಲಿಯ ಮೇಲೆ ಕಣ್ಣು ಹಾಕುವ ಮೊದಲು, ನಿಮ್ಮದನ್ನು ತೂಗುವವರಿಗೆ ಪಾಳಿ ಸಿಕ್ಕಿತೋ ಇಲ್ಲವೋ ನೋಡಿ. ಡಬ್ಬಿ ತುಂಬಲಿ ಎಂದು ಕಾಯಬೇಡಿ. ಉಂಡಿ ಮೆತ್ತಗಿರುವಾಗಲೇ ಹಂಚಿಬಿಡಿ, ನೀವೂ ಒಂದು ತಿನ್ನಿ.