ರಕ್ತದ ಚೀಟಿ

ಬಸುರಿನ ಏಳನೇ ತಿಂಗಳಲ್ಲಿ ನನಗೆ ಜ್ವರ ಬಂತು. ಐದು ದಿನ ಮೈಯೆಲ್ಲ ಮುರಿದಂತೆ ನೋಯಿಸಿ ಇಳಿಯಿತು. ಮರುದಿನ ಕಾಲಿನ ಮೇಲೆ ಕೆಂಪು ಚುಕ್ಕೆಗಳು ಕಂಡವು. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಗಂಡ ಮನೋಳಿಯಿಂದ ಸವದತ್ತಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರು. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕಡಿಮೆ ಎಂದು ಚೀಟಿಯಲ್ಲಿತ್ತು. ನಾನು ನಂಬಲಿಲ್ಲ. ನನ್ನ ರಕ್ತದ ಬಾಟಲಿಯನ್ನು ಲ್ಯಾಬಿನವರು ಬೇರೆಯವರ ಬಾಟಲಿಗಳ ನಡುವೆ ಇಟ್ಟದ್ದನ್ನು ಕಣ್ಣಾರೆ ನೋಡಿದ್ದೆ.

ಬೈಲಹೊಂಗಲದ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆಯಾಯಿತು. ಕಣಗಳು ಇನ್ನೂ ಕೆಳಗಿಳಿದಿದ್ದವು. ನನ್ನನ್ನು ಅಲ್ಲೇ ದಾಖಲು ಮಾಡಿಕೊಂಡರು. ಡಾಕ್ಟರಮ್ಮ ಗಂಡನನ್ನು ಹೊರಗೆ ಕರೆದರು. ಗಂಡ ಮುಖ ತೊಳೆದುಕೊಂಡು ಒಳಗೆ ಬಂದರು.

"ಏನಂದ್ರು?"

"ಏನಿಲ್ಲ. ವೀಕ್‌ನೆಸ್ ಐತಂತ."

ವೀಕ್‌ನೆಸ್ಸಿಗೆ ಯಾವ ಗಂಡಸು ಮುಖ ತೊಳೆದುಕೊಂಡು ಬರುತ್ತಾನೆ? ಅಂದಿನಿಂದ ನಾನು ಎಲ್ಲರ ಮಾತಿಗೂ ಕಿವಿಗೊಟ್ಟು ಮಲಗಿದೆ. ಅತ್ತೆ ವರಾಂಡದಲ್ಲಿ ನಿಂತು ನನ್ನ ಅವ್ವನಿಗೆ ಫೋನಿನಲ್ಲಿ ಕೇಳುತ್ತಿದ್ದರು: "ಲಗ್ನಕ್ಕ ಮೊದಲ ಏನರ ಇತ್ತೇನ್ರಿ ಹುಡುಗಿಗೆ? ಇದ್ದಿದ್ರ ಹೇಳಿಬಿಡ್ರಿ." ಸಂಜೆ ಬಂದ ಅವ್ವ ನನ್ನ ಕಿವಿಯಲ್ಲಿ, "ಹೊಟ್ಟಿಗಿ ಸರಿಯಾಗಿ ಹಾಕತಾರೋ ಇಲ್ಲೋ?" ಎಂದಳು.

ಮರುದಿನ ಡಾಕ್ಟರಮ್ಮ ಮಂಚದ ಮೇಲೆ ಕೂತು, ಏನು ಉಣ್ಣುತ್ತಿ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅತ್ತೆ, "ದಿನಾ ಎರಡ ಹೊತ್ತು ವಾಟಗಾ ತುಂಬ ಹಾಲು ಕೊಡತೇನ್ರಿ," ಎಂದರು. ನಾನು ಚಾದರದ ಅಂಚು ನೋಡುತ್ತಾ ಕೂತೆ. ಡಾಕ್ಟರಮ್ಮ ಅದನ್ನು ಗಮನಿಸಿರಬೇಕು. ಅತ್ತೆಯನ್ನು ಬಿಸಿನೀರು ತರಲು ಕಳಿಸಿ, "ಈಗ ಹೇಳವಾ," ಎಂದರು.

ಹೇಳಿದೆ. ಬಸುರಾದಾಗಿನಿಂದ ಹಾಲು, ಮೊಸರಿನ ವಾಸನೆಗೆ ವಾಂತಿ ಬರುತ್ತಿತ್ತು. ಹಾಲನ್ನು ಹಿತ್ತಲಲ್ಲಿ ಚೆಲ್ಲುತ್ತಿದ್ದೆ. ರೊಟ್ಟಿ, ಕೆಂಪು ಚಟ್ನಿ, ಕರಿ ಚಹಾ, ಇಷ್ಟೇ ನನ್ನ ಊಟ. ಬಸುರಿಯರಿಗೆ ಕೊಡುವ ಸರಕಾರದ ಗುಳಿಗೆ ತಿಂದರೆ ಕೂಸು ಕಪ್ಪಗಾಗುತ್ತದೆ ಎಂದು ಓಣಿಯವರು ಹೇಳಿದ್ದರಿಂದ ಅವನ್ನೂ ನುಂಗಿರಲಿಲ್ಲ.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ನಿನಗ ಬಂದಿದ್ದು ಡೆಂಗಿ ಜ್ವರಾ. ಅದರ ವೈರಸ್ ಕಣಾ ಇಳಸ್ತದ, ಅದು ತಾನಾಗೇ ಸುಧಾರಿಸ್ತದ. ಆದ್ರ ನಿನ್ನ ಕೆಂಪು ಕಣಾ ದೊಡ್ಡವಾಗ್ಯಾವ. ಅದು ಜ್ವರದ ಕೆಲಸ ಅಲ್ಲ. ಹಾಲು, ಗುಳಿಗಿ ಬಿಟ್ಟಿದ್ದಕ್ಕ ಬಿ ಹನ್ನೆರಡು ವಿಟಮಿನ್, ಫೋಲಿಕ್ ಆಸಿಡ್ ಎರಡೂ ಕಡಿಮಿ ಆಗ್ಯಾವ ಅಂತ ಕಾಣತದ. ಜ್ವರಾ, ಇದೂ ಕೂಡಿ ಬಂದಾಗ ರಕ್ತದ ಕ್ಯಾನ್ಸರ್ ಇರಬಹುದೇನೋ ಅಂತ ನಮಗೂ ಸಂಶೆ ಬರತದ. ನಿನ್ನ ಗಂಡಗ ಅದನ್ನ ಹೇಳಿದ್ದೆ."

ಬಿ ಹನ್ನೆರಡರ ಪರೀಕ್ಷೆಗೆ ರಕ್ತ ಕಳಿಸಿ, ಅಂದೇ ಇಂಜೆಕ್ಷನ್ ಶುರುಮಾಡಿದರು. ಒಂದು ವಾರದಲ್ಲಿ ಕಣ ಏರದಿದ್ದರೆ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಬೇಕೆಂದರು. ನಾಲ್ಕನೇ ದಿನ ಪ್ಲೇಟ್‌ಲೆಟ್ ಏರಿದೆ ಎಂದು ನರ್ಸ್ ಹೇಳಿದಾಗ, ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎನಿಸಿತು. ಗೋಡೆ ಹಿಡಿದು ಲ್ಯಾಬಿನವರೆಗೆ ನಡೆದೆ. ಚೀಟಿ ಇಸಿದುಕೊಂಡು ಹಳೆಯದರ ಪಕ್ಕ ಇಟ್ಟು ನೋಡಿದೆ. ನಿಜವಾಗಿಯೂ ಏರಿತ್ತು. ವಾರದೊಳಗೆ ಉಳಿದ ಕಣಗಳೂ ಏರಿದವು, ಬಿ ಹನ್ನೆರಡು ಕಡಿಮೆ ಎಂಬ ಚೀಟಿಯೂ ಬಂತು; ಮಜ್ಜೆಯ ಸೂಜಿ ಬೇಕಾಗಲಿಲ್ಲ.

ಮನೆಗೆ ಹೊರಡುವ ದಿನ ಅತ್ತೆಗೆ ನಾನೇ ಎಲ್ಲ ಹೇಳಿದೆ. ಅವರು ಚೀಲಕ್ಕೆ ಬಟ್ಟೆ ತುಂಬುವುದನ್ನು ಬಿಟ್ಟು ನನ್ನ ಪಕ್ಕ ಬಂದು ಕೂತರು. "ನನಗ ಒಂದ ಮಾತು ಹೇಳಿದ್ರ ಹಾಲಿನ ಬದಲಿ ಬ್ಯಾರೆ ಏನರ ಮಾಡತಿದ್ದೆ," ಎಂದರು. "ನಾನೂ ನಿನ್ನ ತವರಮನಿಯವರ ಮ್ಯಾಲೆ ಸಂಶೆ ಪಟ್ನಿ."

ಎರಡು ತಿಂಗಳ ನಂತರ ಮಗಳು ಹುಟ್ಟಿದಳು. ಜೋರಾಗಿ ಅತ್ತಳು, ಬಣ್ಣವೂ ಚೆನ್ನಾಗಿತ್ತು. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಡಾಕ್ಟರಮ್ಮನ ಕೈ ಹಿಡಿದು, "ಕೂಸಿನ ರಕ್ತಾನೂ ಒಮ್ಮೆ ತಪಾಸ್ ಮಾಡ್ರಿ, ಚೀಟಿ ನನ್ನ ಕೈಯಾಗ ಕೊಡ್ರಿ," ಎಂದೆ.