ನಾಗವ್ವನ ಬೋಳು ಹಣೆ

ಮರಾಠಿ ಸೀಮೆಯ ವಾಕಡದಲ್ಲಿ ಹನ್ನೆರಡು ಮಹಡಿಯ ಒಂದು ಕಟ್ಟಡದ ಮೆಟ್ಟಿಲು, ಲಿಫ್ಟು ಗುಡಿಸಿ ಒರೆಸುವ ಕೆಲಸ ನಾಗವ್ವನದು. ಒಂಬತ್ತು ವರ್ಷ ಅವಳ ಮುಖವನ್ನು ಯಾರೂ ನೆಟ್ಟಗೆ ನೋಡಿದವರಲ್ಲ. ಹೋದ ವರ್ಷ ಗಂಡ ಕಾಮಾಲೆಯಾಗಿ ಸತ್ತ. ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಾಗ ಎಲ್ಲರಿಗೂ ಅವಳ ಬೋಳು ಹಣೆಯೇ ಕಾಣತೊಡಗಿತು.

ಐದನೇ ಮಹಡಿಯ ಹೊಳಬಸಪ್ಪ ಇಂಡಿ ಕಡೆಯ ಬಟ್ಟೆ ವ್ಯಾಪಾರಿ. ಬೆಳಿಗ್ಗೆ ಬಾಗಿಲು ತೆಗೆದಾಗ ಅವಳು ಕಂಡರೆ ಒಳಗೆ ಹೋಗಿ, ನೀರು ಕುಡಿದು, ಹತ್ತು ನಿಮಿಷ ಕೂತು ಮತ್ತೆ ಹೊರಡುತ್ತಿದ್ದ. ಒಂದು ದಿನ ಹಾಗೆ ಕೂತೇ ಸೂರತ್ತಿನ ರೈಲು ತಪ್ಪಿಸಿಕೊಂಡು ಬಂದ.

"ನಿನ್ನ ಮಾರಿ ನೋಡಿದ್ದಕ್ಕ ಗಾಡಿ ತಪ್ಪಿತು!"

"ಗಾಡಿ ನಾ ಓಡಸ್ತೀನೇನ್ರಿ? ಒಳಗ ಹೋಗಿ ಕುಂತಾವ್ರು ನೀವು."

ಹೊಳಬಸಪ್ಪ ಬಕೆಟ್ಟು ಒದ್ದ. ಕೊಳೆನೀರು ಮೆಟ್ಟಿಲಿಳಿದು ಹರಿಯಿತು. ಅವಳು ಒರೆಸಲಿಲ್ಲ.

ಭಾನುವಾರ ಕಟ್ಟಡದ ಸೊಸೈಟಿಯ ಸಭೆಯಲ್ಲಿ ಹೊಳಬಸಪ್ಪ ಅವಳನ್ನು ಕೆಲಸದಿಂದ ತೆಗೆಯಬೇಕೆಂದ. ಕಾರ್ಯದರ್ಶಿ ಸಿಂಧೂರ, ಮೈಸೂರಿನ ಸಾಫ್ಟ್‌ವೇರ್ ಹೆಣ್ಣುಮಗಳು, ಎದ್ದು ನಿಂತು "ಇದೆಲ್ಲ ಮೂಢನಂಬಿಕೆ" ಎಂದು ಹೊಳಬಸಪ್ಪನ ಬಾಯಿ ಮುಚ್ಚಿಸಿದಳು. ತನ್ನ ಕಡೆ ಒಬ್ಬಳಾದರೂ ಇದ್ದಾಳೆಂದು ನಾಗವ್ವ ನಂಬಿದಳು.

ನಾಲ್ಕು ದಿನ ಕಳೆದಿರಲಿಲ್ಲ. ಅದೇ ಸಿಂಧೂರ, ಪಾರ್ಕಿಂಗಿನಲ್ಲಿ ನಿಂತಿದ್ದ ತನ್ನ ಹೊಸ ಕಾರಿನ ಬಳಿ ಅವಳನ್ನು ಕರೆದಳು.

"ತಪ್ಪು ತಿಳ್ಕೋಬೇಡಿ ನಾಗವ್ವ. ನಾಳೆ ಕಾರ್ ಪೂಜೆ, ಅತ್ತೆ ಬಂದಿದಾರೆ. ಒಂದಿನ ರಜ ತಗೊಳ್ಳಿ, ಪ್ಲೀಸ್."

"ನಿಮ್ಮತ್ತಿ ಸಲುವಾಗೋ, ನಿಮ್ಮ ಸಲುವಾಗೋ?"

ಸಿಂಧೂರ ಫೋನು ನೋಡತೊಡಗಿದಳು.

ಹೊಳಬಸಪ್ಪನ ಒದೆತಕ್ಕಿಂತ ಆ 'ಪ್ಲೀಸ್' ಹೊಲಸೆನಿಸಿತು. ನಾಗವ್ವ ಕಸಬರಿಗೆಯನ್ನು ಹೊಸ ಕಾರಿನ ಬಾನೆಟ್ಟಿನ ಮೇಲಿಟ್ಟು ಹೊರಗೆ ನಡೆದಳು. ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ.

ತಿಂಗಳ ಮೇಲೆ ಮಗರಪಟ್ಟಾದ ಇನ್ನೊಂದು ಕಟ್ಟಡದಲ್ಲಿ ಕೆಲಸ ಸಿಕ್ಕಿತು, ಎರಡು ಬಸ್ಸು ಬದಲಿಸುವಷ್ಟು ದೂರ. ಸೇರುವ ಮುಂಚೆ ಹಸಿರು ಬಳೆ, ಕರಿಮಣಿ, ಕುಂಕುಮ ಕೊಂಡಳು. ಅಲ್ಲಿನ ಮೇಲ್ವಿಚಾರಕಿ ಮಂಜರಿ ಮರಾಠಿಯಲ್ಲಿ ಗಂಡನ ಬಗ್ಗೆ ಕೇಳಿದಾಗ, ಸಾಸವಡದ ಇಟ್ಟಿಗೆ ಭಟ್ಟಿಯಲ್ಲಿದ್ದಾನೆ ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಇಲ್ಲಿ ಅವಳನ್ನು ಕಂಡು ಯಾರೂ ಒಳಗೆ ಹೋಗಿ ನೀರು ಕುಡಿಯಲಿಲ್ಲ. ಬದಲಿಗೆ ಎರಡನೇ ಮಹಡಿಯ ಒಬ್ಬಾಕೆ ಮಗನ ಪರೀಕ್ಷೆಯ ದಿನ, ಮುತ್ತೈದೆ ಎದುರಾದರೆ ಒಳ್ಳೆಯದೆಂದು, ಬೇಕಂತಲೇ ಅವಳನ್ನು ಬಾಗಿಲಿಗೆ ಕರೆಸಿ ನಿಲ್ಲಿಸಿಕೊಂಡಳು.

ಸಂಕ್ರಾಂತಿಗೆ ಆ ಕಟ್ಟಡದ ಹೆಂಗಸರೆಲ್ಲ ಅವಳ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಎಳ್ಳುಂಡಿ ಕೊಟ್ಟರು. ಅವಳು ಕೈಯೊಡ್ಡಿದಳು, ನಗಲಿಲ್ಲ. ಮನೆಗೆ ಬಂದು ಹಣೆಯನ್ನು ತಿಕ್ಕಿ ತಿಕ್ಕಿ ತೊಳೆದಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕನ್ನಡಿ ಮುಂದೆ ನಿಂತು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತ, ಮತ್ತೆ ಕುಂಕುಮ ಹಚ್ಚಿಕೊಂಡಳು.