ಆ ಜಾಕೆಟ್ ಹೊಲಿದದ್ದು ನಸೀಮಾ

ಹಂಗಳದ ಟೀ ಅಂಗಡಿಯ ಮುಂದೆ ಅವತ್ತು ಸುಳ್ಳು ಹೇಳಿದ್ದು ನಸೀಮಾ ಅಲ್ಲ, ನಾನು. ಇಷ್ಟನ್ನು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಆಗ ನಾವಿಬ್ಬರೂ ಚಾಮರಾಜನಗರದ ಹೊರಗಿದ್ದ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದೆವು. ನಾನು ಸೂಪರ್‌ವೈಸರ್, ಅವಳು ನನ್ನ ಲೈನಿನ ಟೈಲರ್. ನಾವು ಹೊಲಿಯುತ್ತಿದ್ದದ್ದು ಬೈಕ್ ಓಡಿಸುವವರು ಹಾಕುವ ದಪ್ಪ ಜಾಕೆಟ್ಟು. ಮೇಣ ಹಚ್ಚಿದ ಹತ್ತಿ ಬಟ್ಟೆ. ಕೈಗೆಲ್ಲ ಅಂಟು, ಸೂಜಿ ಬಿಸಿಯಾಗಿ ಪಟ್ಟನೆ ಮುರಿಯುತ್ತಿತ್ತು. ಕಾಲರ್ ಕೂಡಿಸುವುದು ನಸೀಮಾಳ ಕೆಲಸ. ಜಾಕೆಟ್ಟಿನ ಮೇಲಿದ್ದದ್ದು ವಿಲಾಯತಿಯ ಒಂದು ಹಳೇ ಕಂಪನಿಯ ಹೆಸರು. ಮುತ್ತಾತನ ಕಾಲದ ಕಂಪನಿಯಂತೆ, ಅಲ್ಲಿನ ಅದೇ ಹಳೇ ಕಾರ್ಖಾನೆಯಲ್ಲಿ ಒಂದೊಂದನ್ನೂ ಕೈಯಾರೆ ತಯಾರು ಮಾಡುತ್ತಾರಂತೆ — ಹಾಗೆಂದು ಅವರು ಜಾಹೀರಾತು ಕೊಡುತ್ತಿದ್ದರು. ಯಾರಿಗೆ ಹೊಲಿಯುತ್ತೇವೆಂದು ಹೊರಗೆ ಬಾಯಿ ಬಿಡಬಾರದು, ಟೈಲರ್‌ಗಳಿಗೂ ತಿಳಿಸಿಬಿಡಿ ಎಂದು ಮ್ಯಾನೇಜರ್ ಸೂಪರ್‌ವೈಸರ್‌ಗಳಿಗೆ ಹೇಳಿದ್ದರು. ನಸೀಮಾಗೆ ನಾನು ತಿಳಿಸಿರಲಿಲ್ಲ. ಒಂದೇ ಡಬ್ಬಿಗೆ ಕೈಹಾಕಿ ಉಣ್ಣುತ್ತಿದ್ದವರು ನಾವು. ಅವಳ ಮುಂದೆ ನಿಂತು ರೂಲ್ಸ್ ಹೇಳಲು ಮನಸ್ಸಾಗಲಿಲ್ಲ.

ಒಂದು ಭಾನುವಾರ ಅವಳನ್ನೂ ಅವಳ ಮಗಳು ರುಕ್ಸಾರಳನ್ನೂ ಕಾಡಂಚಿನ ನನ್ನ ತವರು ಹಂಗಳಕ್ಕೆ ಕರೆದುಕೊಂಡು ಹೋಗಿದ್ದೆ. ರುಕ್ಸಾರ್ ಆಗ ಪ್ರೈಮರಿ ಶಾಲೆಯ ಹುಡುಗಿ. ನನ್ನನ್ನು ಖಾಲಾ ಎಂದೇ ಕರೆಯುತ್ತಿದ್ದಳು, ತಾಯಿಯ ಒಡಹುಟ್ಟಿದವಳನ್ನು ಕರೆಯುವ ಹಾಗೆ. ಅವಳಿಗೆ ಆನೆ ನೋಡುವ ಆಸೆ. ಆನೆ ಕಾಣಲಿಲ್ಲ. ಅವ್ವ ಮಾಡಿದ ಅವರೆಕಾಯಿ ಸಾರು, ಮುದ್ದೆ ಉಂಡು, ಬಸ್ಸು ಕಾಯುತ್ತ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತೆವು. ಊಟಿ ಕಡೆ ಹೊರಟಿದ್ದ ಬೈಕಿನವರ ಗುಂಪೊಂದು ಬಂದು ನಿಂತಿತು. ಅವರಲ್ಲೊಬ್ಬರು, ನಡುವಯಸ್ಸಿನವರು, ನಮ್ಮ ಜಾಕೆಟ್ ಹಾಕಿದ್ದರು.

ನಸೀಮಾ ಗ್ಲಾಸು ಕೆಳಗಿಟ್ಟು ಎದ್ದೇಬಿಟ್ಟಳು. ನಮ್ಮ ಬಟ್ಟೆ ಒಬ್ಬ ಮನುಷ್ಯನ ಮೈಮೇಲೆ ಇರುವುದನ್ನು ನಾವು ಯಾವತ್ತೂ ನೋಡಿರಲಿಲ್ಲ. ಮಡಚಿ ಪೆಟ್ಟಿಗೆಗೆ ಹಾಕಿದ ಮೇಲೆ ಅದು ಎಲ್ಲಿಗೋ... ಅವಳು ಮಗಳಿಗೆ ಉರ್ದುವಿನಲ್ಲಿ ಏನೋ ಕೂಗಿ ಹೇಳಿ, ಕೈಹಿಡಿದು ಎಳೆದುಕೊಂಡು ಅವರ ಹತ್ತಿರ ಹೋದಳು.

“ಅಣ್ಣಾ, ಈ ಕಾಲರ್ ನಾನು ಹೊಲ್ದಿರೋದು. ನಮ್ ಚಾಮ್ರಾಜ್‌ನಗರದಲ್ಲೇ ಮಾಡೋದು ಇದನ್ನ!”

ಅವರು ಸಿಟ್ಟಾಗಲಿಲ್ಲ, ನಕ್ಕರು. “ಇಲ್ಲಮ್ಮ, ಇದು ಫಾರಿನ್‌ದು. ನನ್ನ ತಮ್ಮ ಅಲ್ಲಿಂದಲೇ ತಂದುಕೊಟ್ಟಿದ್ದು.” ಜೊತೆಯವರೂ ನಕ್ಕರು.

“ಬೇಕಾದ್ರೆ ನಮ್ ಮಾದೇವಕ್ಕನ್ನ ಕೇಳಿ. ನಮ್ ಸೂಪರ್‌ವೈಸರ್ರು.”

ಅವರು ನನ್ನ ಕಡೆ ತಿರುಗಿದರು. “ಹೌದಾ ಮೇಡಂ?”

“ಇಲ್ಲ ಸರ್,” ಅಂದೆ. “ಅವಳು ಏನೋ ಗೊತ್ತಿಲ್ಲದೆ ಹೇಳ್ತಿದಾಳೆ. ನಾವು ಹೊಲಿಯೋದು ಸ್ಕೂಲ್ ಯೂನಿಫಾರಂ.”

ಯೂನಿಫಾರಮ್ಮಿನ ಮಾತನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನೇ ಸೇರಿಸಿದೆ.

ಕೆಲಸ ಹೋಗುತ್ತದೆಂಬ ಹೆದರಿಕೆ — ಇಷ್ಟು ದಿನ ನನಗೆ ನಾನೇ ಹಾಗೆ ಹೇಳಿಕೊಂಡೆ. ಹೆದರಿಕೆ ಇದ್ದದ್ದು ನಿಜ. ಆದರೆ ಅಲ್ಲಿ ಮ್ಯಾನೇಜರ್ ಇರಲಿಲ್ಲ, ಕಂಪನಿಯವರು ಯಾರೂ ಇರಲಿಲ್ಲ. ಸುಮ್ಮನೆ ನಕ್ಕು ತಲೆ ತಗ್ಗಿಸಿದ್ದರೂ ಆಗುತ್ತಿತ್ತು. ಅವರು ನನ್ನನ್ನು ಮೇಡಂ ಅಂದಿದ್ದರು. ನಾನು ಹಂಗಳದ ಮಾತು ಬಿಟ್ಟು, ನಾಲಿಗೆ ತಿದ್ದಿಕೊಂಡು, ಪೇಟೆಯವಳ ಹಾಗೆ ಉತ್ತರ ಕೊಟ್ಟೆ. ಎಲ್ಲರೂ ನಗುತ್ತಿದ್ದಾಗ ನಗುವವರ ಕಡೆ ನಿಲ್ಲಬೇಕು ಅನ್ನಿಸಿತು — ಆ ಒಂದು ಗಳಿಗೆ, ಅಷ್ಟೇ — ಅವಳ ಕಡೆ ಅಲ್ಲ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ರುಕ್ಸಾರ್ ತಾಯಿಯನ್ನು ಕೇಳಿದಳು. ಅವರು ಮನೆಮಾತಿನಲ್ಲಿ ಆಡುವುದು ಅಷ್ಟಿಷ್ಟು ನನಗೂ ತಿಳಿಯುತ್ತಿತ್ತು. ಅಮ್ಮೀ, ನೀನು ಸುಳ್ಳು ಹೇಳಿದೆಯಾ?

ನಸೀಮಾ ಕನ್ನಡದಲ್ಲಿ ಉತ್ತರ ಕೊಟ್ಟಳು. “ತಪ್ಪು ತಿಳ್ಕೊಂಡ್ಬುಟ್ಟೆ ಕಣಮ್ಮಾ. ಖಾಲಾ ಹೇಳಿದ್ದೇ ಸರಿ.”

ನನಗೂ ಕೇಳಲಿ ಎಂದೇ ಕನ್ನಡದಲ್ಲಿ ಹೇಳಿದಳು. ನನ್ನನ್ನು ಚುಚ್ಚಲಿಕ್ಕೋ, ಹೋಗಲಿ ಬಿಡು ಎಂದು ಸಮಾಧಾನ ಮಾಡಲಿಕ್ಕೋ — ನಾನು ಕೇಳಲಿಲ್ಲ. ಮಾರನೆಯ ದಿನ ಅವಳು ಎಂದಿನಂತೆ ಡಬ್ಬಿ ಬಿಚ್ಚಿ ನನ್ನ ಮುಂದೆ ಸರಿಸಿದಳು. ನಾನೂ ಎಂದಿನಂತೆ ಉಂಡೆ.

ಮುಂದೆ ಆ ಜಾಕೆಟ್ಟಿನ ಆರ್ಡರ್ ಬೇರೆ ದೇಶಕ್ಕೆ ಹೋಯಿತು, ಗಾರ್ಮೆಂಟ್ಸ್ ಮುಚ್ಚಿತು, ನಸೀಮಾ ಮನೆಯಲ್ಲೇ ರವಿಕೆ ಹೊಲಿಯತೊಡಗಿದಳು. ಆದರೆ ಹಂಗಳದಲ್ಲಿ ನಡೆದದ್ದು ಅವರ ಮನೆಯಲ್ಲಿ ಒಂದು ತಮಾಷೆಯಾಗಿ ಉಳಿದುಬಿಟ್ಟಿತ್ತು. ನಸೀಮಾ ಏನಾದರೂ ಹೆಮ್ಮೆಯಿಂದ ಹೇಳಿದರೆ ಸಾಕು, “ಇದೂ ಜಾಕೆಟ್ ಕಥೆನಾ ಅಮ್ಮೀ?” ಎನ್ನುತ್ತಿದ್ದಳು ರುಕ್ಸಾರ್. ಅವಳಪ್ಪ ನಗುತ್ತಿದ್ದ. ನಸೀಮಾ ನಗುತ್ತಿದ್ದಳು. ಹಬ್ಬಕ್ಕೆಂದು ಹೋದಾಗ ನಾನೂ ನಕ್ಕಿದ್ದೇನೆ.

ಮೊನ್ನೆ ರುಕ್ಸಾರಳ ನಿಶ್ಚಿತಾರ್ಥ. ಗಂಡಿನ ತಾಯಿ ಅವಳ ಬಟ್ಟೆಯ ಹೊಲಿಗೆಯನ್ನು ಮುಟ್ಟಿ ಮುಟ್ಟಿ ಮೆಚ್ಚಿಕೊಂಡರು. “ಗಾರ್ಮೆಂಟ್ಸಲ್ಲಿ ಕಲ್ತಿದ್ದು,” ಅಂದಳು ನಸೀಮಾ. ರುಕ್ಸಾರ್ ತಾಯಿಯ ಹೆಗಲ ಮೇಲೆ ಕೈಹಾಕಿ, ಪ್ರೀತಿಯಿಂದಲೇ, “ಹೂಂ, ಫಾರಿನ್ ಜಾಕೆಟ್ಟೂ ನಮ್ಮಮ್ಮಿನೇ ಹೊಲಿದದ್ದು!” ಎಂದಳು. ಬೀಗರೆಲ್ಲ ನಕ್ಕರು. ನಸೀಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ಕಣ್ಣು ಮಾತ್ರ ನೆಲ ನೋಡುತ್ತಿತ್ತು. ಇಷ್ಟು ವರ್ಷ ಅದು ನನಗೆ ಯಾಕೆ ಕಾಣಲಿಲ್ಲ — ಅಥವಾ ಕಂಡೂ...

ಮರುದಿನ ಅವರ ಮನೆಗೆ ಹೋದೆ. ತಾಯಿ ಮಗಳಿಬ್ಬರೂ ಇದ್ದರು. ವಿಷಯ ತೆಗೆಯುತ್ತಿದ್ದಂತೆ ನಸೀಮಾಗೆ ಗೊತ್ತಾಗಿಹೋಯಿತು.

“ಈಗ್ಯಾಕಕ್ಕಾ ಅದು? ಬುಡು ಅತ್ಲಾಗೆ.”

“ಬುಡಕಾಗಲ್ಲ ಕಣಮ್ಮಿ,” ಎಂದು ರುಕ್ಸಾರಳಿಗೆ ಎಲ್ಲವನ್ನೂ ಹೇಳಿದೆ. ಜಾಕೆಟ್ ಇಲ್ಲೇ ಹೊಲಿದದ್ದು, ಆ ಕಾಲರ್ ನಿನ್ನ ತಾಯಿಯ ಕೆಲಸ, ಸುಳ್ಳಿ ನಾನು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ತಾಯಿಯ ಕಡೆ ತಿರುಗಿ, “ನೀನ್ಯಾಕೆ ಹೇಳಲಿಲ್ಲ ಅಮ್ಮೀ?” ಎಂದಳು.

“ನಿಂಗೆ ಖಾಲಾ ಅಂದ್ರೆ ಪ್ರಾಣ ಇತ್ತಲ್ಲ,” ಅಂದಳು ನಸೀಮಾ.

ರುಕ್ಸಾರ್ ತಾಯಿಯ ಪಕ್ಕ ಹೋಗಿ ಕೂತು, ಕಾಲರ್ ಹೊಲಿಯುವುದು ಕಷ್ಟವಿತ್ತಾ ಎಂದು ಕೇಳಿದಳು. ನಸೀಮಾ ಮೊದಲು ನಾಚಿದಳು. ಆಮೇಲೆ ಶುರು ಮಾಡಿದಳು — ಮೇಣದ ಬಟ್ಟೆಯ ವಾಸನೆ, ಬೆರಳಿಗೆ ಹೊಕ್ಕ ಸೂಜಿ, ಆ ಹಾಳು ಬಟ್ಟೆಯನ್ನು ತಿರುಗಿಸುವ ಉಪಾಯ. ಅವಳು ಅಷ್ಟು ಮಾತಾಡಿದ್ದನ್ನು ನಾನು ಕಂಡದ್ದೇ ಇಲ್ಲ. ರುಕ್ಸಾರ್ ಕಣ್ಣರಳಿಸಿ ಕೇಳುತ್ತಿದ್ದಳು. ಆದರೂ ತಾಯಿಯ ಒಂದೊಂದು ಮಾತಿಗೂ ತನಗೇ ತಿಳಿಯದಂತೆ ನನ್ನ ಮುಖ ನೋಡುತ್ತಿದ್ದಳು, ನಿಜವಾ ಎಂದು ಕೇಳುವ ಹಾಗೆ. ಆ ಅಭ್ಯಾಸ ಕಲಿಸಿದವಳು ನಾನೇ.

ಹೌದು, ಅಂದೆ. ಪ್ರತಿ ಸಲವೂ ಹೌದು ಅಂದೆ.